ಬೂದು ಬಣ್ಣ ಬರುವವರೆಗೆ

ಮೊನ್ನೆ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನಾನು ಮೂವತ್ತು ವರ್ಷ ಕೆಲಸ ಮಾಡಿದ ಶಿವಮೊಗ್ಗದ ಕಾಲೇಜಿನ ಮನಃಶಾಸ್ತ್ರ ಪ್ರಯೋಗಾಲಯಕ್ಕೆ ಹೊಸದಾಗಿ ಸಹಾಯಕಿಯಾಗಿ ಸೇರಿದ್ದಾಳಂತೆ. "ನಾಗಣ್ಣ, ಬೀರು ತುಂಬ ಏನೇನೋ ಸಾಮಾನು ಇದೆ. ಯಾವ್ದು ಏನಕ್ಕೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮನ್ನ ಕೇಳು ಅಂದ್ರು" ಎಂದಳು. ಹೊಸಮನೆ ಬಡಾವಣೆಯ ನನ್ನ ಮನೆಯಲ್ಲಿ ಕೂತು ಫೋನಿನಲ್ಲೇ ಅರ್ಧ ಗಂಟೆ ಹೇಳಿದೆ. ಮುಗಿಯಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ಆ ಹುಡುಗಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿರುವ ಬಣ್ಣದ ಚಕ್ರದ ವಿಷಯ ಹೇಳುತ್ತೇನೆ. ನಾನು ಕಲಿತದ್ದೂ ಅದರಿಂದಲೇ, ಕೆಟ್ಟದ್ದೂ ಅದರಿಂದಲೇ.

ನಾನು ಹುಟ್ಟಿದ್ದು ಭದ್ರಾವತಿಯಲ್ಲಿ. ಅಪ್ಪ ಕಾರ್ಖಾನೆಯ ಕೆಲಸಗಾರ. ಐಟಿಐನಲ್ಲಿ ಫಿಟ್ಟರ್ ಕಲಿತು, ನಾನೂ ಕಬ್ಬಿಣದ ಜೊತೆಗೇ ಬದುಕುತ್ತೇನೆ ಅಂದುಕೊಂಡಿದ್ದವನು ಮನಃಶಾಸ್ತ್ರ ವಿಭಾಗಕ್ಕೆ ಬಂದು ಬಿದ್ದೆ. ಮೊದಲ ದಿನ ವಿಭಾಗದ ಮುಖ್ಯಸ್ಥೆ ವಿಶಾಲಾಕ್ಷಿ ಮೇಡಂ ಬಣ್ಣದ ಚಕ್ರ ಎಂಬ ಈ ಯಂತ್ರವನ್ನು ಮೇಜಿನ ಮೇಲೆ ಇಡಿಸಿದರು. ಎರಕದ ಕಬ್ಬಿಣದ ಪೀಠ, ಮರದ ಹಿಡಿ ಇರುವ ದೊಡ್ಡ ಗಾಲಿ, ಅದರಿಂದ ಒಂದು ಚಿಕ್ಕ ಗಾಲಿಗೆ ಹಗ್ಗ. ಚಿಕ್ಕ ಗಾಲಿಯ ಅಚ್ಚಿನ ತುದಿಗೆ ಒಂದು ನಟ್ಟು. ನೋಡಿದರೆ ಸಾಣೆ ಹಿಡಿಯುವವನ ಯಂತ್ರದ ತಮ್ಮನ ಹಾಗಿತ್ತು. ನಾನು ಯಾರ ಅಪ್ಪಣೆಗೂ ಕಾಯದೆ ಎಣ್ಣೆ ಬಿಟ್ಟೆ.

ಮೇಡಂ ಆ ನಟ್ಟಿನಡಿ ಬಿಗಿಯಲು ಎರಡು ದುಂಡನೆಯ ಕಾಗದದ ಬಿಲ್ಲೆಗಳನ್ನು ಕೊಟ್ಟರು. ಒಂದು ನೀಲಿ, ಒಂದು ಹಳದಿ. ಪ್ರತಿಯೊಂದಕ್ಕೂ ನಡುವಿನ ತೂತಿನಿಂದ ಅಂಚಿನವರೆಗೆ ಒಂದು ಸೀಳು. ಒಂದರ ಸೀಳಿನಲ್ಲಿ ಇನ್ನೊಂದನ್ನು ತೂರಿಸಿ ತಿರುವಿದರೆ ಎರಡು ಬಣ್ಣವೂ ಕಾಣುತ್ತದೆ. ಯಾವುದು ಎಷ್ಟು ಕಾಣಬೇಕು ಎಂದು ನಾವೇ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

"ಇದನ್ನ ಜೋರಾಗಿ ತಿರುಗಿಸಿದ್ರೆ ಏನ್ ಬಣ್ಣ ಬರುತ್ತೆ ನಾಗರಾಜ?" ಎಂದರು.

"ಹಸಿರು ಮೇಡಂ. ಇದನ್ನೇನ್ ಕೇಳ್ತೀರಿ?" ಎಂದೆ. ಮನೆ ಕಿಟಕಿಗೆ ಬಣ್ಣ ಹೊಡೆದ ಕೈ ನನ್ನದು.

ತಿರುಗಿಸಿದೆ. ಹಸಿರಿನ ಸುಳಿವೇ ಇಲ್ಲ. ಬೂದಿ ಬಣ್ಣ. ನಿಲ್ಲಿಸಿ ನೋಡಿದೆ, ನೀಲಿ ನೀಲಿಯಾಗಿಯೇ ಇದೆ, ಹಳದಿ ಹಳದಿಯಾಗಿಯೇ ಇದೆ. ಮತ್ತೆ ತಿರುಗಿಸಿದೆ, ಮತ್ತೆ ಬೂದಿ. ಹಿಂದಕ್ಕೆ ತಿರುಗಿಸಿದರೆ ಹಸಿರು ಬಂದೀತೇನೋ ಎಂದು ಅದನ್ನೂ ಮಾಡಿದೆ. ಮೇಡಂ ನಗುತ್ತ ಹೇಳಿದರು: "ಡಬ್ಬದಲ್ಲಿ ಬಣ್ಣ ಕಲೆಸೋದೇ ಬೇರೆ, ಇದೇ ಬೇರೆ. ಡಬ್ಬದಲ್ಲಿ ಒಂದು ಬಣ್ಣ ಇನ್ನೊಂದರ ಬೆಳಕನ್ನ ತಿಂದುಹಾಕುತ್ತೆ. ಇಲ್ಲಿ ಯಾವ್ದೂ ಯಾವ್ದನ್ನೂ ಮುಟ್ಟಿಲ್ಲ. ಕಣ್ಣಿಗೆ ಅಷ್ಟು ಬೇಗ ಬೇರೆ ಮಾಡೋಕಾಗಲ್ಲ, ಅದಕ್ಕೆ ತಾನೇ ಕಲೆಸಿಕೊಳ್ಳುತ್ತೆ."

ಆ ವಾರ ಪೂರ್ತಿ ನನಗೆ ಇದೇ ಗುಂಗು. ಸಸ್ಯಶಾಸ್ತ್ರ ವಿಭಾಗದ ಸಹಾಯಕ ಕರಿಬಸಪ್ಪನ ಜೊತೆ ಒಂದು ಪ್ಲೇಟು ಮಿರ್ಚಿ ಮಂಡಕ್ಕಿ ಬಾಜಿ ಕಟ್ಟಿ ಗೆದ್ದೆ. ಅವನು ಸೋತ ಮೇಲೂ ಒಪ್ಪದೆ, "ಇದ್ರಲ್ಲಿ ಏನೋ ಮೋಸ ಇದೆ ಮಾರಾಯ, ನಟ್ಟು ಬಿಚ್ಚಿ ತೋರ್ಸು" ಎಂದು ಹಟ ಹಿಡಿದಿದ್ದ. ಬಿಚ್ಚಿ ತೋರಿಸಿದೆ. ನಟ್ಟಿನೊಳಗೆ ನಟ್ಟೇ ಇತ್ತು.

ಎಲ್ಲ ಬಲ್ಲೆ ಅನ್ನಿಸುವ ಹೊತ್ತಿಗೆ ಎಡವುವುದು ನನ್ನ ಜಾತಕದಲ್ಲಿದೆ. ಬಿಲ್ಲೆಗಳನ್ನು ಇಡುವ ಪೆಟ್ಟಿಗೆಯಲ್ಲಿ ಅರ್ಧ ಕಪ್ಪು, ಅರ್ಧ ಬಿಳಿಯ ಒಂದು ಬಿಲ್ಲೆ ಇತ್ತು. ಬಿಳಿಯ ಭಾಗದಲ್ಲಿ ಕಪ್ಪು ಕಮಾನಿನಂಥ ಗೆರೆಗಳು. ಒಂದು ದಿನ ಅದನ್ನು ನಿಧಾನವಾಗಿ ತಿರುಗಿಸಿದಾಗ ಗೆರೆಗಳ ಜಾಗದಲ್ಲಿ ಮಾಸಲು ಕೆಂಪು, ಮಾಸಲು ನೀಲಿ ಕಂಡವು. ಯಾರೋ ಬಣ್ಣದ ಕೈಯಲ್ಲಿ ಮುಟ್ಟಿ ಕಲೆ ಮಾಡಿದ್ದಾರೆ ಎಂದು, ನಿಲ್ಲಿಸಿ ಸರಿಯಾಗಿ ನೋಡದೆ, ಸೀಮೆಎಣ್ಣೆ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಕಪ್ಪು ಮಸಿ ಬಿಳಿಯ ಮೇಲೆಲ್ಲ ಹರಡಿ ಬಿಲ್ಲೆ ಹಾಳಾಯಿತು. ಬೈಗುಳ ತಿನ್ನಲು ಸಿದ್ಧನಾಗಿ ಮೇಡಂ ಮುಂದೆ ನಿಂತರೆ ಅವರು ಕುರ್ಚಿಯಲ್ಲಿ ಬಿದ್ದು ಬಿದ್ದು ನಕ್ಕರು. "ಇಲ್ಲದ ಬಣ್ಣ ಒರೆಸಿದೆಯಲ್ಲೋ ಮಾರಾಯ!" ಕಪ್ಪು ಬಿಳುಪು ಒಂದು ಹದದಲ್ಲಿ ಮಿನುಗಿದರೆ ಕಣ್ಣು ತಾನೇ ಬಣ್ಣ ಹುಟ್ಟಿಸಿಕೊಳ್ಳುತ್ತದಂತೆ. ಅದು ಏಕೆ ಎಂದು ಕೇಳಿದೆ. "ನನಗೂ ಪೂರ್ತಿ ಗೊತ್ತಿಲ್ಲ" ಎಂದರು. ಅಷ್ಟು ಓದಿದವರು ಗೊತ್ತಿಲ್ಲ ಎಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಂದ.

ಕೈಯಲ್ಲಿ ತಿರುಗಿಸುವ ಚಕ್ರಕ್ಕೆ ಒಂದು ಕೊರತೆ. ತೋಳು ಸೋತರೆ ಬಣ್ಣ ಒಡೆದು ಮಿನುಗುತ್ತದೆ. ಕೆಲವು ವರ್ಷದ ಮೇಲೆ ಹೊಲಿಗೆ ಯಂತ್ರದ ಮೋಟಾರು, ಕಾಲಲ್ಲಿ ಒತ್ತುವ ಪೆಡಲು ತಂದು ನಾನೇ ಜೋಡಿಸಿದೆ. ಎಲ್ಲರೂ ಹೊಗಳಿದರು. ಒಂದು ಮೋಡದ ದಿನ ಟ್ಯೂಬ್‌ಲೈಟ್ ಹಾಕಿಕೊಂಡು ತಿರುಗಿಸಿದಾಗ ಬಿಲ್ಲೆಯ ಬಣ್ಣದ ಪಟ್ಟಿಗಳು ನಿಂತಂತೆ ಕಂಡವು, ಆಮೇಲೆ ಮೆಲ್ಲಗೆ ಹಿಂದಕ್ಕೆ ತೆವಳತೊಡಗಿದವು. ಮೋಟಾರು ಮುಂದಕ್ಕೆ ಗುಂಯ್‌ಗುಡುತ್ತಿದೆ, ಬಣ್ಣ ಹಿಂದಕ್ಕೆ ಹೋಗುತ್ತಿದೆ. ಮುಂದಿನ ಬೆಂಚಿನ ಹುಡುಗಿ ಕಿಟಾರನೆ ಕಿರುಚಿದಳು. ಟ್ಯೂಬ್‌ಲೈಟ್ ನಮಗೆ ಗೊತ್ತಾಗದಂತೆ ಹೊತ್ತಿ ಆರುತ್ತಿರುತ್ತದೆ, ಬಿಲ್ಲೆಯ ವೇಗ ಅದಕ್ಕೆ ತಾಳೆಯಾದರೆ ಹೀಗಾಗುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ಅವತ್ತಿನಿಂದ ಚಕ್ರದ ಮೇಜು ಕಿಟಕಿಯ ಪಕ್ಕಕ್ಕೆ ಹೋಯಿತು. ಈಗಂತೂ ಕಂಪ್ಯೂಟರ್ ಪರದೆಯ ಮೇಲೆ ಬೆರಳಾಡಿಸಿದರೆ ಸಾಕು, ಕೆಂಪಿಗೆ ಹಸಿರು ಸೇರಿ ಹಳದಿ ಬರುತ್ತದೆ. ಚೆನ್ನಾಗಿದೆ, ಬೇಡ ಎನ್ನುವುದಿಲ್ಲ. ಆದರೆ ಬಿಲ್ಲೆ ಕತ್ತರಿಸದೆ ಕಲಿತವರಿಗೆ ಬಿಲ್ಲೆಯೂ ತಪ್ಪಬಹುದು ಎಂಬುದು ತಿಳಿಯುವುದಿಲ್ಲ.

ಆ ತಪ್ಪಿನ ಕಥೆಗೆ ಬರುತ್ತೇನೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಕೇಳುತ್ತಿದ್ದ ಪ್ರಯೋಗ ಹೀಗೆ. ಅಚ್ಚಿನ ಮೇಲೆ ಕೆಂಪು, ಹಸಿರು, ನೀಲಿಯ ಮೂರು ದೊಡ್ಡ ಬಿಲ್ಲೆಗಳು. ಅವುಗಳ ಮೇಲೆ ಕಪ್ಪು, ಬಿಳಿಯ ಎರಡು ಚಿಕ್ಕ ಬಿಲ್ಲೆಗಳು. ಕಪ್ಪು ಬಿಳುಪು ತಿರುಗಿದರೆ ಬೂದು. ಹೊರಗಿನ ಮೂರು ಬಣ್ಣವೂ ತಿರುಗಿ ಅದೇ ಬೂದು ಬರಬೇಕು. ಬರುವವರೆಗೆ ನಿಲ್ಲಿಸಿ, ಸರಿಸಿ, ಮತ್ತೆ ತಿರುಗಿಸಬೇಕು. ಒಳಗಿನ ಬೂದು, ಹೊರಗಿನ ಬೂದು ಒಂದೇ ಆದಾಗ ಯಾವ ಬಣ್ಣ ಎಷ್ಟು ಡಿಗ್ರಿ ಎಂದು ಅಳೆದು ಬರೆಯುವುದು. ಒಟ್ಟು ಮುನ್ನೂರ ಅರವತ್ತು.

ನಾನು ಸೇರಿದ ಹೊಸದರಲ್ಲಿ ಒಂದು ಒಳ್ಳೆಯ ಪೆಟ್ಟಿಗೆಯ ಬಿಲ್ಲೆಗಳಿಂದ ಬಂದ ಉತ್ತರ ಕೆಂಪು ನೂರೈವತ್ತು, ಹಸಿರು ನೂರಮೂವತ್ತು, ನೀಲಿ ಎಂಬತ್ತು. ಮಕ್ಕಳು ಒದ್ದಾಡುವುದನ್ನು ನೋಡಲಾರದೆ ಇದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಕೊಟ್ಟದ್ದು ಒಂದು ವರ್ಷ. ಅದು ಸಂಪ್ರದಾಯವಾಗಿಬಿಟ್ಟಿತು. ಪರೀಕ್ಷೆಯ ಹಿಂದಿನ ವಾರ "ಅಣ್ಣ, ಚೀಟಿ" ಎಂದು ಕೈಯೊಡ್ಡುವರು. ಬಿಲ್ಲೆಯನ್ನು ಚೀಟಿಯಂತೆ ಇಟ್ಟು, ಒಂದು ಸುತ್ತು ತಿರುಗಿಸಿ, "ಬಂತು" ಎಂದು ಬರೆದಿಡುವರು. ಪರೀಕ್ಷಕರಿಗೂ ಆ ಮೂರು ಸಂಖ್ಯೆ ಬಾಯಿಪಾಠ. ಎಲ್ಲರಿಗೂ ನೆಮ್ಮದಿ.

ಒಂದು ಮಳೆಗಾಲ ಬೀರುವಿನ ತೇವಕ್ಕೆ ಹಸಿರು ಬಿಲ್ಲೆಗೆ ಹುಳ ಬಿದ್ದು ಸೀಳಿನ ಬಳಿ ಹರಿಯಿತು. ಹೊಸ ಪೆಟ್ಟಿಗೆ ಬೇಕೆಂದು ಬರೆದುಕೊಟ್ಟರೆ ಬರುವುದು ಯಾವ ಕಾಲಕ್ಕೋ. ಗಾಂಧಿ ಬಜಾರಿನಲ್ಲಿ ಹಸಿರು ಹೊಳಪು ಕಾಗದ ತಂದು, ರಟ್ಟಿಗೆ ಅಂಟಿಸಿ, ಬ್ಲೇಡಿನಿಂದ ಚೊಕ್ಕವಾಗಿ ಕತ್ತರಿಸಿದೆ. ಹಳೆಯದು ಎಲೆಹಸಿರು. ಹೊಸದು ಸ್ವಲ್ಪ ಗಿಳಿಹಸಿರು, ಒಳಗೊಳಗೇ ಹಳದಿ. ಚೀಟಿಯಂತೆ ಇಟ್ಟು ತಿರುಗಿಸಿದೆ. ಬೂದು ಬರಲಿಲ್ಲ, ಹಳದಿ ಹೊಡೆಯುತ್ತಿತ್ತು. ಆಗ ನಾನು ಮಾಡಿದ ಯೋಚನೆಯನ್ನು ನಾಚಿಕೆ ಬಿಟ್ಟು ಹೇಳುತ್ತೇನೆ: ಹೊಸ ಕಾಗದ, ನಾಲ್ಕು ತಿಂಗಳು ಬಿಸಿಲು ಕಂಡರೆ ಮಾಸಿ ಚೀಟಿಗೆ ಸರಿಹೋಗುತ್ತದೆ! ಚೀಟಿ ತಿದ್ದಬೇಕು ಎಂದು ಹೊಳೆಯಲಿಲ್ಲ. ಮೇಡಂಗೂ ಹೇಳಲಿಲ್ಲ.

ಆ ವರ್ಷ ಅಂತಿಮ ಬಿಎಯಲ್ಲಿ ಮೂವತ್ತೊಂದು ಮಕ್ಕಳು. ಅದರಲ್ಲಿ ರೇವತಿ ಎಂಬ ಹುಡುಗಿ ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಮಾತು ತಮಿಳು. ಅಪ್ಪ ಮುರುಗೇಶ್ ಅವರದು ಅಲ್ಲೇ ಒಂದು ಮ್ಯಾಚಿಂಗ್ ಸೆಂಟರ್. ಸೀರೆ ತೆಗೆದುಕೊಂಡು ಹೋದರೆ ಅದಕ್ಕೆ ಒಪ್ಪುವ ರವಿಕೆ ಬಟ್ಟೆ, ಫಾಲ್ಸು ಕೊಡುವ ಅಂಗಡಿ. ಕಾಲೇಜು ಮುಗಿಸಿ ಹೋಗಿ ಸಂಜೆ ಗಲ್ಲಾದಲ್ಲಿ ಕೂತು ಬಣ್ಣ ಹೊಂದಿಸಿ ಕೊಡುವುದು ಇವಳೇ. ಜನ ಅವಳನ್ನು ಕೇಳಿಕೊಂಡೇ ಬರುತ್ತಾರೆ ಎಂದು ಭದ್ರಾವತಿಯಲ್ಲಿರುವ ನನ್ನ ತಂಗಿ ಹೇಳಿದ್ದಳು.

ತರಗತಿಯಲ್ಲಿ ಒಮ್ಮೆ ರೇವತಿ ಬಂದು, "ಅಣ್ಣ, ಚೀಟಿ ಥರ ಇಟ್ರೆ ಹಳದಿ ಹೊಡೀತಿದೆ. ನೀಲಿ ಜಾಸ್ತಿ ಬೇಕು" ಎಂದಳು.

"ಎಲ್ರಿಗೂ ಬರೋದು ನಿನಗೊಬ್ಬಳಿಗೆ ಬರಲ್ವಾ? ಹೋಗಮ್ಮ, ಬರಿ" ಎಂದು ಗದರಿ ಕಳಿಸಿದೆ.

ಪರೀಕ್ಷೆ ಶುಕ್ರವಾರ, ಶನಿವಾರ, ಸೋಮವಾರ, ಮೂರು ತಂಡಗಳಲ್ಲಿ. ಅಂಕಪಟ್ಟಿ ಸೋಮವಾರ ಸಂಜೆ ಲಕೋಟೆಗೆ ಸೇರಬೇಕು. ರೇವತಿ ಶುಕ್ರವಾರದ ತಂಡದಲ್ಲಿದ್ದಳು. ಹೊರಗಿನ ಊರಿನಿಂದ ಬಂದಿದ್ದ ಪರೀಕ್ಷಕರು, ತಲೆ ನರೆತ ಮೇಷ್ಟ್ರು, ಒಂದೊಂದೇ ಹಾಳೆ ನೋಡುತ್ತ ಬಂದು ಅವಳದರ ಮುಂದೆ ನಿಂತರು. ಕೆಂಪು ನೂರಿಪ್ಪತ್ತೆಂಟು, ಹಸಿರು ನೂರಹನ್ನೆರಡು, ನೀಲಿ ನೂರಿಪ್ಪತ್ತು.

"ನೀಲಿ ಇಷ್ಟ್ಯಾಕಮ್ಮ? ಎಲ್ಲರಿಗೂ ಎಂಬತ್ತು ಬಂದಿದೆ."

"ನನಗೆ ಇಷ್ಟಿಟ್ರೇನೇ ಸರಿ ಕಾಣೋದು ಸರ್."

"ಮತ್ತೊಮ್ಮೆ ಮಾಡು."

ಮಾಡಿದಳು. ಮತ್ತೆ ನೂರಿಪ್ಪತ್ತರ ಆಸುಪಾಸೇ. ಅವರು ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಕಣ್ಣು ಪರೀಕ್ಷೆಯ ಪುಸ್ತಕ ತರಿಸಿದರು. ಪಟಪಟನೆ ಓದಿದಳು. "ಇದು ಕೆಂಪು ಹಸಿರಿಗೆ ಮಾತ್ರ" ಎಂದು ಪುಸ್ತಕ ಮುಚ್ಚಿ, ಮೇಡಂ ಕಡೆ ತಿರುಗಿದರು. "ನೀಲಿ ಕಾಣದ ದೋಷವೂ ಇರುತ್ತೆ ಮೇಡಂ. ಅಪರೂಪ. ಈ ಹುಡುಗಿಗೆ ಅದೇ ಇರಬೇಕು. ಫಲಿತಾಂಶಕ್ಕೆ ಮಾತ್ರ ನಾನು ಅಂಕ ಕೊಡೋಕಾಗಲ್ಲ."

ಮೇಡಂ ಒಳ್ಳೆಯ ಮನಸ್ಸಿನಿಂದಲೇ ಅವಳ ಅಪ್ಪನಿಗೆ ಫೋನ್ ಮಾಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದರು. ನಾನು ಚಕ್ರದ ಪಕ್ಕದಲ್ಲೇ ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ತಾನಾಗಿ ಹಸಿರು ಬಿಲ್ಲೆಯ ಮೇಲೆ ಹೋಯಿತು. ಬಾಯಿ ಬಿಟ್ಟರೆ ನನಗೆ ಮೆಮೊ ಖಂಡಿತ. ಉಳಿದವರೆಲ್ಲ ನೋಡದೇ ಬರೆದವರೆಂದು ಹೊರಬೀಳುತ್ತದೆ. ಅವರಿಗೆ ಬರೆಯಲು ಕೊಟ್ಟವನೂ ನಾನೇ. ಒಬ್ಬಳಿಗೆ ನಾಲ್ಕು ಅಂಕ ಹೋದರೆ ಏನು ಮಹಾ ಎಂದುಕೊಂಡೆ. ಸುಮ್ಮನಿದ್ದೆ.

ಶನಿವಾರ ಕಳೆಯಿತು. ಭಾನುವಾರ ಮನೆಯಲ್ಲಿ ಕೂರಲಾಗದೆ ಭದ್ರಾವತಿ ಬಸ್ಸು ಹತ್ತಿದೆ. ತಂಗಿಯ ಮನೆಗೆ ಹೋಗಿ, "ಯಾವ್ದಾದ್ರೂ ಸೀರೆಗೆ ರವಿಕೆ ಬಟ್ಟೆ ಬೇಕಾ?" ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ಏನಣ್ಣ, ಹುಷಾರಿದೀಯಾ?" ಎಂದಳು. ಆದರೂ ಒಂದು ನವಿಲುಬಣ್ಣದ ಸೀರೆ ಕೊಟ್ಟಳು.

ಅಂಗಡಿಯ ಗಲ್ಲಾದಲ್ಲಿ ಮುರುಗೇಶ್ ಇದ್ದರು. ರೇವತಿ ಹಿಂದುಗಡೆ ನೆಲದ ಮೇಲೆ ಕೂತು ಫಾಲ್ಸ್ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, "ಅಪ್ಪಾ, ನಮ್ಮ ಲ್ಯಾಬಿನ ಅಣ್ಣ" ಎಂದಳು.

"ವಾಂಗ ಸಾರ್, ಕೂತ್ಕೊಳ್ಳಿ" ಎಂದು ಅವರು ಸ್ಟೂಲು ಎಳೆದರು. ನಾನು ಕೇಳುವ ಮೊದಲೇ ಹೇಳಿಕೊಂಡರು: "ಮೇಡಂ ಫೋನ್ ಮಾಡಿದ್ರು ಸಾರ್. ನಮ್ಮ ಹುಡುಗಿಗೆ ನೀಲಿ ಸರಿಯಾಗಿ ಕಾಣಲ್ವಂತೆ. ಬುಧವಾರ ಡಾಕ್ಟರ್ ಹತ್ರ ಹೋಗ್ತೀವಿ. ಅಲ್ಲಿವರ್ಗೂ ಗಲ್ಲಾದಲ್ಲಿ ಕೂರೋದು ಬೇಡಮ್ಮ ಅಂದೆ. ಮದುವೆ ಸೀರೆ ತರ್ತಾರೆ ಜನ. ಇಷ್ಟು ವರ್ಷ ಯಾರ್ ಯಾರಿಗೆ ತಪ್ಪು ಕೊಟ್ಟಿದ್ದೀವೋ, ದೇವರಿಗೇ ಗೊತ್ತು."

ಸೀರೆ ಬಿಚ್ಚಿದರು. ನಾಲ್ಕು ತುಂಡು ತೆಗೆದು, ಬಾಗಿಲ ಬೆಳಕಿಗೆ ಒಯ್ದು, ತಂದು, ಮತ್ತೆ ಒಯ್ದರು. ತೀರ್ಮಾನವಾಗಲಿಲ್ಲ. ಹಿಂದೆ ನಿಂತಿದ್ದ ರೇವತಿಯ ಕೈ ಮೇಲಿನ ಅರೆಯ ಒಂದು ತುಂಡಿನ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಅದನ್ನು ಎಳೆದು ಸೀರೆಯ ಸೆರಗಿನ ಮೇಲಿಟ್ಟಳು. ಎಲ್ಲಿ ಸೀರೆ ಮುಗಿಯಿತು, ಎಲ್ಲಿ ತುಂಡು ಶುರುವಾಯಿತು ಎಂದು ಹೇಳಲಾಗದಷ್ಟು ಸರಿಯಾಗಿತ್ತು.

"ಇದು ಸರಿ ಇದೆಯಾ ಅಣ್ಣ? ನೀವು ನೋಡಿ ಹೇಳಿ" ಎಂದಳು. ತಮಾಷೆಯಲ್ಲ, ನಿಜವಾಗಿ ಕೇಳುತ್ತಿದ್ದಳು.

"ಸರಿ ಇದೆಯಮ್ಮ" ಎಂದೆ. ಬಟ್ಟೆ ಕಟ್ಟಿಸಿಕೊಂಡು ಎದ್ದುಬಂದೆ. ಶಿವಮೊಗ್ಗ ಮುಟ್ಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ. ಇಲ್ಲದ ಬಣ್ಣ ಒರೆಸಿದವನನ್ನು ಮೇಡಂ ನಕ್ಕು ಕ್ಷಮಿಸಿದ್ದರು. ಇರುವ ಕಣ್ಣನ್ನೇ ಒರೆಸಿಹಾಕಲು ಹೊರಟವನನ್ನು ಯಾರು ಕ್ಷಮಿಸಬೇಕು?

ಸೋಮವಾರ ಬೆಳಿಗ್ಗೆ ಮೂರನೇ ತಂಡ ಒಳಬರುವ ಮೊದಲೇ ಮೇಡಂ ಮುಂದೆ ಚೀಟಿಯನ್ನೂ ಹುಳ ತಿಂದ ಹಳೆಯ ಬಿಲ್ಲೆಯನ್ನೂ ಇಟ್ಟು ಎಲ್ಲ ಹೇಳಿದೆ. ಈ ಸಲ ಅವರು ನಗಲಿಲ್ಲ. "ಕೋತಿ ತಾನು ಕೆಡೋದಲ್ದೆ ವನಾನೂ ಕೆಡಿಸ್ತು ಅನ್ನೋದು ಇದಕ್ಕೇ" ಎಂದರು. ಪರೀಕ್ಷಕರನ್ನು ಅವರೇ ಕರೆತಂದರು. ಮೇಷ್ಟ್ರು ಕೋಟು ಬಿಚ್ಚಿಟ್ಟು ಸ್ಟೂಲಿನ ಮೇಲೆ ಕೂತು, ಚೀಟಿಯಂತೆ ಬಿಲ್ಲೆ ಇಟ್ಟು ಪೆಡಲು ಒತ್ತಿದರು. ಹಳದಿ. ನಿಲ್ಲಿಸಿ ನೀಲಿ ಹೆಚ್ಚಿಸಿದರು. ಮತ್ತೆ ಹೆಚ್ಚಿಸಿದರು. ಹತ್ತು ನಿಮಿಷ ಕಳೆದ ಮೇಲೆ ಬೂದು ಬಂತು. ಕೋನಮಾಪಕ ಹಿಡಿದು ಅಳೆದರು. ನೀಲಿ ನೂರಹದಿನೆಂಟು.

"ಇಷ್ಟು ವರ್ಷದಲ್ಲಿ ಪರೀಕ್ಷೆ ಮಾಡೋಕೆ ಹೋಗಿ ನಾನೇ ಕೂತು ತಿರುಗಿಸಿದ್ದು ಇದೇ ಮೊದಲು" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೆರಗು ಇತ್ತು. "ಆ ಹುಡುಗಿನ ಕರೆಸಿ."

ಲಕೋಟೆಯನ್ನು ಒಂದು ದಿನ ತಡೆದರು. ಉಳಿದ ಮೂವತ್ತು ಮಂದಿಯೂ ಮರುದಿನ ಚೀಟಿಯಿಲ್ಲದೆ ಪ್ರಯೋಗ ಮಾಡಬೇಕಾಯಿತು. ನನಗೆ ಹಾಕಿದ ಶಾಪ ಇನ್ನೂ ಕಿವಿಯಲ್ಲಿದೆ. ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಹೊಂದಲಿಲ್ಲ, ಮೂರು ಡಿಗ್ರಿ ಆಚೆ, ಐದು ಡಿಗ್ರಿ ಈಚೆ. ಮೇಡಂ ಆ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, "ನೋಡು, ಈಗ ಇದು ಪ್ರಯೋಗ" ಎಂದರು. ಮೆಮೊ ಕೂಡ ಅವರೇ ಕೊಟ್ಟರು. ಹೊಸದಾಗಿ ಸೇರುವವರು ಇದೊಂದನ್ನು ತಿಳಿದುಕೊಳ್ಳಿ. ಬಿಲ್ಲೆ ಬದಲಾಯಿಸಿದರೆ ಯಾವ ಕಾಗದ, ಯಾವ ದಿನ, ಯಾರು ಕತ್ತರಿಸಿದ್ದು ಎಂದು ಪುಸ್ತಕದಲ್ಲಿ ಬರೆಯಿರಿ, ಮಕ್ಕಳಿಗೂ ಹೇಳಿರಿ. ಮಕ್ಕಳು ಬಂದು ಹಳದಿ ಹೊಡೆಯುತ್ತಿದೆ ಎಂದರೆ ಎದ್ದುಹೋಗಿ ನೋಡಿರಿ.

ರೇವತಿ ಸೋಮವಾರ ಮಧ್ಯಾಹ್ನ ಅಪ್ಪನ ಜೊತೆ ಬಂದಳು. ಮೇಷ್ಟ್ರು ಬಿಲ್ಲೆಗಳನ್ನು ಬೇಕೆಂದೇ ಅಸ್ತವ್ಯಸ್ತ ಮಾಡಿ ಅವಳ ಮುಂದಿಟ್ಟರು. ಅವಳು ಮೂರು ಸಲ ನಿಲ್ಲಿಸಿ, ಸರಿಸಿ ನೋಡಿದಳು. ನಾಲ್ಕನೆಯ ಸಲಕ್ಕೆ ಪೆಡಲು ಒತ್ತಿದಾಗ ಒಳಗಿನ ಬೂದು ಯಾವುದು, ಹೊರಗಿನದು ಯಾವುದು ಎಂದು ಗೊತ್ತಾಗದಂತೆ ಎರಡೂ ಒಂದಾದವು. ಮೇಷ್ಟ್ರು ಅಳೆದು, ಅಂಕ ತಿದ್ದಿ, ಮುರುಗೇಶ್ ಅವರಿಗೆ ಕೈಮುಗಿದರು. "ನಿಮ್ಮ ಮಗಳ ಕಣ್ಣಲ್ಲಿ ಏನೂ ದೋಷ ಇಲ್ಲ ಸ್ವಾಮಿ. ತಪ್ಪು ನಮ್ಮದು."

"ತಪ್ಪು ನಂದು" ಎಂದು ನಾನು ನಡುವೆ ಬಾಯಿ ಹಾಕಿದೆ. ಹಸಿರು ಬಿಲ್ಲೆಯ ಕಥೆ ಅವರಿಬ್ಬರಿಗೂ ಹೇಳಿದೆ. ಮುರುಗೇಶ್ ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡಿ ಸಾರ್, ಸರಿಹೋಯ್ತಲ್ಲ" ಎಂದರು. ರೇವತಿ ನನ್ನನ್ನೇ ನೋಡುತ್ತಿದ್ದಳು.

"ನಿನ್ನೆ ಅಂಗಡಿಗೆ ಬಂದಾಗ್ಲೂ ಗೊತ್ತಿತ್ತಾ ಅಣ್ಣ?"

"ಗೊತ್ತಿತ್ತಮ್ಮ" ಎಂದೆ.

ಅವಳು ಬೈಯಲಿಲ್ಲ, ಅಳಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, "ವಾಪ್ಪಾ, ಹೋಗೋಣ. ಸಂಜೆ ಗಲ್ಲಾದಲ್ಲಿ ನಾನ್ ಕೂತ್ಕೊಳ್ತೀನಿ" ಎಂದು ಅಪ್ಪನ ಕೈ ಹಿಡಿದು ಹೊರಟಳು.